ಹೊಲಿಗೆ ಟೀಚರ್ ಕಟ್ಟಿದ ಮೊಳಕೆ

ನನ್ನ ಕೈಗೆ ಸಿಕ್ಕ ಗಿಡ ಬದುಕುವುದಿಲ್ಲವೆಂದು ಅವರು ಹೇಳಿದ್ದು ಒಂದು ಗುರುವಾರ, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ಸ್ಟಾಫ್ ರೂಮಿನ ಕಿಟಕಿಯ ಪಕ್ಕದ ಬೆಂಚಿನ ಮೇಲೆ ಕುಳಿತು. ನಮ್ಮಿಬ್ಬರನ್ನು ಬಿಟ್ಟು ಅಲ್ಲಿ ಆರು ಮಂದಿ ಇದ್ದರು. ನಾಲ್ವರು ನಕ್ಕರು. ಒಬ್ಬರ ಬಾಯಿಯಲ್ಲಿ ಅನ್ನವಿದ್ದುದರಿಂದ ನಗಲಾಗಲಿಲ್ಲ. ಆರನೆಯವರಿಗೆ ಕಿವಿ ಮಂದ. ಏನಾಯಿತೆಂದು ಕೇಳಿ ತಿಳಿದುಕೊಂಡು, ಸ್ವಲ್ಪ ತಡವಾಗಿ, ಎಲ್ಲರಿಗಿಂತ ಜೋರಾಗಿ ನಕ್ಕರು.

ಸಂದರ್ಭ ಇಷ್ಟೇ. ಶಾಲೆಯ ವರಾಂಡದ ಹೂಕುಂಡಗಳನ್ನು ಶಿಕ್ಷಕಿಯರಿಗೆ ಒಂದೊಂದರಂತೆ ವಹಿಸಿದ್ದರು. ನನ್ನ ಪಾಲಿನ ದಾಸವಾಳ ಒಣಗಿತ್ತು. ಆ ಕುಂಡದ ತಳದಲ್ಲಿ ತೂತೇ ಇರಲಿಲ್ಲವೆಂಬ ಸಂಗತಿಯನ್ನು ಯಾರೂ ಪರಿಶೀಲಿಸಲಿಲ್ಲ. ಅವರು ಮಾತ್ರ ಬುತ್ತಿಯ ಮುಚ್ಚಳ ಹಾಕುತ್ತ, “ಅಕ್ಕಾರ ಕೈಯಾಗ ಗಣಿತ ಬದುಕ್ತೈತಿ, ಗಿಡ ಬದುಕಂಗಿಲ್ಲ ಬಿಡ್ರಿ,” ಎಂದರು. ಆ ಮಾತು ಬಳ್ಳಾರಿಯ ನಮ್ಮ ಶಾಲೆಯಲ್ಲಿ ನಾನು ನಿವೃತ್ತಳಾಗುವವರೆಗೂ ಬದುಕಿತ್ತು. ಯಾರ ಕುಂಡ ಒಣಗಿದರೂ, “ಗಣಿತದಕ್ಕಾರ ಮುಟ್ಟಿದ್ರೇನು?” ಎಂದು ಕೇಳುವುದು ವಾಡಿಕೆಯಾಯಿತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೊಗಳಿದರೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ತೆಗಳಿದರೆ ತಕ್ಷಣ ಉತ್ತರ ಕೊಡುತ್ತಿದ್ದರು. ಕಳೆದ ಕಾರ್ತಿಕದಲ್ಲಿ ತೀರಿಕೊಂಡವರ ಬಗ್ಗೆ, ಉತ್ತರ ಕೊಡಲಾರರೆಂಬ ಧೈರ್ಯದಿಂದ ಹೆಸರು ಹಿಡಿದು ಬರೆಯುವುದು ನ್ಯಾಯವಲ್ಲ. ಅವರು ಹೊಲಿಗೆ ಟೀಚರ್ ಎಂದರೆ ಸಾಕು. ಸಿರುಗುಪ್ಪ ತಾಲ್ಲೂಕಿನ ದೇಶನೂರಿನ ಮನೆತನ, ಭತ್ತದ ಗದ್ದೆಯವರು. ಕುತ್ತಿಗೆಯಲ್ಲಿ ಅಳತೆ ಟೇಪು, ತುಟಿಗಳ ನಡುವೆ ಎರಡೋ ಮೂರೋ ಗುಂಡುಪಿನ್ನು, ಬಲಗೈಯ ಹೆಬ್ಬೆರಳಿಗೆ ಸದಾ ಅಂಟಿದ ನೀಲಿ ಸೀಮೆಸುಣ್ಣ. ಹೊಲಿಗೆಗಳನ್ನು ತೆಲುಗಿನಲ್ಲಿ ಎಣಿಸುತ್ತಿದ್ದರು, ಒಕಟಿ, ರೆಂಡು, ಮೂಡು ಎಂದು. ಬೈಗುಳ ಮಾತ್ರ ಕನ್ನಡದಲ್ಲಿ. ಪಿನ್ನುಗಳು ಬಾಯಲ್ಲಿದ್ದಾಗಲೂ ಅವರ ಮಾತು ನಿಲ್ಲುತ್ತಿರಲಿಲ್ಲ. ತೀರ ಹೇಳಬಾರದ ಮಾತೇನಾದರೂ ಬಂದರೆ ಮಾತ್ರ ಹೊಸದೊಂದು ಪಿನ್ನನ್ನು ಎತ್ತಿ ತುಟಿಗಿಟ್ಟುಕೊಂಡು ಸುಮ್ಮನಾಗುತ್ತಿದ್ದರು. ಇದನ್ನು ನಾನು ಗಮನಿಸಲು ಎಷ್ಟೋ ವರ್ಷ ಹಿಡಿಯಿತು.

ಕಣ್ಣಳತೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಒಮ್ಮೆ ನನಗೆ ಹೊಲಿದುಕೊಟ್ಟ ರವಿಕೆಯ ಎಡತೋಳು ಬಲತೋಳಿಗಿಂತ ಅರ್ಧ ಇಂಚು ಗಿಡ್ಡವಾಗಿತ್ತು. ಅದನ್ನು ಹಿಡಿದುಕೊಂಡು ಹೋಗಿ ನಾಲ್ಕು ಜನರೆದುರು ತೋರಿಸಿದೆ.

“ತೋಳು ಸರಿ ಐತ್ರಿ ಅಕ್ಕಾರ. ನಿಮ್ಮ ಕೈನ ಹೆಚ್ಚುಕಮ್ಮಿ ಅದಾವ.”

ಇಂಥ ಮಾತನ್ನು ಗಣಿತ ಕಲಿಸುವವಳಿಗೆ ಹೇಳಬಹುದೇ? ಮನೆಗೆ ಹೋಗಿ ಭುಜದಿಂದ ಮಣಿಕಟ್ಟಿನವರೆಗೆ ದಾರ ಹಿಡಿದು ಮೂರು ಸಲ ಅಳೆದೆ. ವ್ಯತ್ಯಾಸ ಅರ್ಧ ಇಂಚು. ರವಿಕೆಯನ್ನು ಹದಿನಾಲ್ಕು ವರ್ಷ ತೊಟ್ಟೆ. ಅವರು ಹೇಳಿದ್ದು ಸರಿಯೆಂದು ಒಂದು ದಿನವೂ ಹೇಳಲಿಲ್ಲ.

ನಿವೃತ್ತಿಯ ನಂತರ ಅವರಿಂದ ದೂರವಾಗುವೆನೆಂದುಕೊಂಡಿದ್ದೆ. ಗಾಂಧಿನಗರದಲ್ಲಿ ನಮ್ಮ ಪಕ್ಕದ ಮನೆ ಖಾಲಿಯಾಯಿತು, ಬಂದವರು ಇವರೇ. ನಡುವೆ ಎದೆಮಟ್ಟದ ಒಂದು ಕಾಂಪೌಂಡ್ ಗೋಡೆ. ನನ್ನ ಅಡುಗೆಮನೆಯ ಕಿಟಕಿ ಆ ಗೋಡೆಯ ಕಡೆಗೇ ತೆರೆಯುತ್ತದೆ. ಹೀಗಾಗಿ ನನ್ನ ಮನೆಯಲ್ಲಿ ಏನು ಬೇಯುತ್ತಿದೆ ಎಂಬುದರ ಮೇಲೆ ಅವರ ಅಭಿಪ್ರಾಯ ಬೆಳಿಗ್ಗೆ ಹತ್ತು ಗಂಟೆಯೊಳಗೆ ಗೋಡೆ ದಾಟಿ ಬರುತ್ತಿತ್ತು.

ಮೂರು ವರ್ಷದ ಹಿಂದೆ, ಯುಗಾದಿ ಮುಗಿದ ವಾರ, ಶಾಲೆಯಲ್ಲಿ ನಿವೃತ್ತರನ್ನೆಲ್ಲ ಕರೆದಿದ್ದರು. ಆಗಸ್ಟಿನಲ್ಲಿ ಅಂಗಳದ ತುಂಬ ಗಿಡ ನೆಡುತ್ತೇವೆ, ತಾವೆಲ್ಲ ಒಂದೊಂದು ಸಸಿ ಕೊಡಬೇಕೆಂದು ಹೊಸ ಮುಖ್ಯೋಪಾಧ್ಯಾಯಿನಿ ಕೇಳಿಕೊಂಡರು. ಒಬ್ಬರು ಬೇವು ಎಂದರು, ಒಬ್ಬರು ಹೊಂಗೆ. ನನ್ನ ಸರದಿ ಬಂದಾಗ ಹಿಂದಿನ ಸಾಲಿನಿಂದ ಯಾರೋ, “ಅಕ್ಕಾರು ಪ್ಲಾಸ್ಟಿಕ್ಕಿಂದು ತರ್ತಾರ ತಗೋರಿ,” ಎಂದರು. ಧ್ವನಿ ಯಾರದೆಂದು ನನಗೆ ಗೊತ್ತು. ನಾನು ಎದ್ದು ನಿಂತು, ಬಟರ್ ಫ್ರೂಟ್ ಗಿಡವನ್ನು ಬೀಜದಿಂದ ನನ್ನ ಕೈಯಾರೆ ಬೆಳೆಸಿ ತರುತ್ತೇನೆ, ನರ್ಸರಿಯದಲ್ಲ, ಎಂದುಬಿಟ್ಟೆ. ಸಭೆಯಲ್ಲಿ ಹೇಳಿದ ಮಾತು. ಆಗಸ್ಟಿಗೆ ಬರಿಗೈಯಲ್ಲಿ ಹೋದರೆ ಆ ಗುರುವಾರದ ಮಾತು ನನ್ನ ಜೀವಮಾನಕ್ಕೆ ಅಂಟಿಕೊಳ್ಳುತ್ತಿತ್ತು.

ಬೀಜ ಬೇಕಾದರೆ ಹಣ್ಣನ್ನು ಮುಗಿಸಬೇಕು. ಎರಡು ಹಣ್ಣು ತಂದೆ. ಹಾಲು, ಸಕ್ಕರೆ ಹಾಕಿ ಕುಡಿಯುವುದು ನನಗೆ ಸೇರದು. ಫೋನಿನಲ್ಲಿ ಒಬ್ಬ ಹೆಣ್ಣುಮಗಳು ಗ್ವಾಕಮೋಲೆ ಎಂಬುದನ್ನು ಮಾಡಿ ತೋರಿಸಿದ್ದಳು. ಅದನ್ನು ಕಾಗದಕ್ಕಿಳಿಸಿಕೊಂಡು, ಒಂದಕ್ಷರ ತಪ್ಪದಂತೆ ಮಾಡಿದೆ. ತಿರುಳನ್ನು ಪಿಂಗಾಣಿ ಬಟ್ಟಲಿಗೆ ತೆಗೆದು ಚಮಚದ ಬೆನ್ನಿನಿಂದ ಕಿವುಚಿದೆ. ಈರುಳ್ಳಿಯನ್ನು ಒಂದೇ ಗಾತ್ರಕ್ಕೆ ಹೆಚ್ಚಿದೆ. ಬೀಜ ತೆಗೆದ ಟೊಮ್ಯಾಟೊ, ಹಸಿಮೆಣಸಿನಕಾಯಿ, ಕೊತ್ತಂಬರಿ, ಉಪ್ಪು. ಕಪ್ಪಾಗದಿರಲೆಂದು ಮೊದಲೇ ನಿಂಬೆರಸ.

ಗೋಡೆಯ ಮೇಲೆ ಮೊದಲು ಟೇಪು, ಆಮೇಲೆ ಅವರ ಮುಖ ಕಾಣಿಸಿತು.

“ಏನ್ರಿ ಅದು? ಗ್ವಾಡಿಗಿ ಹಚ್ಚೋ ಹಸರು ಬಣ್ಣ ಕಲಸಿದಂಗ ಐತಿ.”

“ಹೊರದೇಶದ ತಿನಿಸು. ಗ್ವಾಕಮೋಲೆ ಅಂತಾರ.”

“ಚಟ್ನಿ ಅನ್ರಿ. ಒಗ್ಗರಣಿ ಎಲ್ಲೈತಿ?”

“ಇದಕ್ಕ ಒಗ್ಗರಣಿ ಹಾಕಂಗಿಲ್ಲ. ಒಲಿ ಹಚ್ಚಂಗಿಲ್ಲ ಇದಕ್ಕ.”

“ಪಾಪ, ಅವ್ರಿಗೆ ಎಣ್ಣಿ ಸಾಸಿವಿ ಸಿಗವಲ್ದೇನೋ.”

ಕೇಳದೆಯೇ ಅರ್ಧ ಬಟ್ಟಲು ಅವರ ಕಡೆಗೆ ಹೋಯಿತು. ಐದು ನಿಮಿಷದಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿಯ ಒಗ್ಗರಣೆ ಹೊತ್ತು ವಾಪಸ್ಸು ಬಂತು. ಜೊತೆಗೆ ಅವರ ಡಬ್ಬಿಯ ಖಡಕ್ ಜೋಳದ ರೊಟ್ಟಿ. ಫೋನಿನ ಹೆಣ್ಣುಮಗಳು ಮೆಕ್ಕೆಜೋಳದ ಗರಿಗರಿ ಚೂರುಗಳಿಂದ ಎತ್ತಿ ತಿನ್ನಬೇಕೆಂದಿದ್ದಳು. ನಾವು ರೊಟ್ಟಿ ಮುರಿದು, ಗೋಡೆಯ ಆಚೀಚೆ ನಿಂತು, ಎರಡು ಬಟ್ಟಲನ್ನೂ ಬರಿದು ಮಾಡಿದೆವು. ಒಗ್ಗರಣೆ ಹಾಕಿದ್ದು ಮೊದಲು ಖಾಲಿಯಾಯಿತು. ಇದು ಘಟನೆಯ ವಿವರವೇ ಹೊರತು ಒಪ್ಪಿಗೆಯಲ್ಲ.

ನಂತರ ಬೀಜಗಳು. ಒಂದನ್ನು ತೊಳೆದು, ಸುತ್ತಲೂ ಮೂರು ಹಲ್ಲುಕಡ್ಡಿ ಚುಚ್ಚಿ, ಗಾಜಿನ ಲೋಟದ ಬಾಯಿಯ ಮೇಲೆ, ಅರ್ಧ ನೀರಿನಲ್ಲಿ ಮುಳುಗುವಂತೆ ನಿಲ್ಲಿಸಿದೆ. ಬೀಜದ ಮೈಮೇಲೆ, ನೀರಿಗಿಂತ ತುಸು ಮೇಲೆ, ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದೆ. ನೀರು ಆ ಗೆರೆಯನ್ನು ಮುಟ್ಟಕೂಡದು. ಅದರಿಂದ ಬಹಳ ಕೆಳಗೂ ಇಳಿಯಕೂಡದು. ಯಾವ ತುದಿ ಕೆಳಗಿರಬೇಕೆಂಬುದನ್ನು ಬರೆದುಕೊಳ್ಳುವುದು ಮರೆತಿತ್ತು. ವಿಚಾರ ಮಾಡಿದೆ. ಬೇರು ಇಳಿಯುವಂಥದ್ದು, ಇಳಿಯುವ ವಸ್ತುವಿನ ತುದಿ ಚೂಪಾಗಿರುತ್ತದೆ: ಮೊಳೆ, ಸೂಜಿ, ನೇಗಿಲಿನ ಗುಳ. ಆದ್ದರಿಂದ ಚೂಪು ತುದಿ ಕೆಳಕ್ಕೆ.

“ಅಕ್ಕಾರ, ತಲಿ ಕೆಳಗ ಮಾಡಿ ನಿಲ್ಸೀರಿ ಅದನ್ನ,” ಎಂದಿತು ಗೋಡೆ.

“ನಾನು ಕುರುಗೋಡಿನಾಕಿ. ನಮ್ಮಪ್ಪಂದು ಅಂಜೂರದ ತೋಟ. ಗಿಡದ ತಲಿ ಯಾವುದು ಕಾಲು ಯಾವುದು ನನಗ ಕಲಸಬ್ಯಾಡ್ರಿ.”

“ಅಂಜೂರ ಕಡ್ಡಿ ಮುರದು ನೆಡೋದ್ರಿ. ನಿಮ್ಮ ಮನಿತನಾನ ಬೀಜ ಮುಟ್ಟಿಲ್ಲ. ಬೀಜದ ಮಾತು ನಮ್ಮೂರಿಗಿ ಬಿಡ್ರಿ. ಇನ್ನೊಂದು ಇಲ್ಲಿ ಕೊಡ್ರಿ.”

ಕೊಟ್ಟೆ, ಸೋಲಲಿ ಎಂದೇ. ಅವರು ಆ ಬೀಜಕ್ಕೆ ಮಾಡಿದ್ದು ದೇಶನೂರಿನಲ್ಲಿ ಭತ್ತಕ್ಕೆ ಮಾಡುವುದನ್ನು. ಒಂದು ಹಗಲು ಒಂದು ರಾತ್ರಿ ನೆನೆಸಿದರು. ಗೋಣಿಚೀಲದ ತುಂಡಿನಿಂದ ಅಂಗೈಯಗಲದ ಒಂದು ಚೀಲ ಹೊಲಿದು, ಒಳಗೆ ಒದ್ದೆ ಹುಲ್ಲು ಹಾಸಿ, ಬೀಜವಿಟ್ಟು, ಬಾಯಿ ಬಿಗಿದು, ಬಚ್ಚಲ ಬದಿಯ ನೆರಳಿನಲ್ಲಿ ಮಲಗಿಸಿ ಮೇಲೊಂದು ಕಲ್ಲು ಹೇರಿದರು. “ನೆಲ್ಲು ಮೊಳಕಿ ಕಟ್ಟೋದು ಹಿಂಗರಿ. ಬೀಜಕ್ಕ ಕತ್ತಲಾಗಬೇಕು, ಒಳಗ ಬಿಸಿ ಏಳಬೇಕು, ಮ್ಯಾಲೆ ಭಾರ ಬೀಳಬೇಕು. ನಿಮ್ಮಂಗ ಗಾಜಿನ ಲೋಟದಾಗ ನಿಲ್ಸಿ ದಿನಾ ದಿಟ್ಟಿಸಿ ನೋಡಿದ್ರ ನಾಚ್ಕೆಂತೈತಿ.” ದಿನಾ ಬೆಳಿಗ್ಗೆ ಒಂದು ತಂಬಿಗೆ ನೀರು ಚಿಮುಕಿಸುತ್ತಿದ್ದರು. ಭತ್ತಕ್ಕೆ ಮೂರು ದಿನ ಸಾಕು. ಇದಕ್ಕೆ ಮೂವತ್ತಾದರೂ ಏನೂ ಆಗಲಿಲ್ಲ. ಅವರಿಗೆ ಬೇಸರವಾದಂತೆ ಕಾಣಲಿಲ್ಲ.

ನಲವತ್ತನೆಯ ದಿನ ಬಂತು. ಬಳ್ಳಾರಿಯ ಬೇಸಿಗೆ. ನನ್ನ ಲೋಟದ ನೀರು ಎಷ್ಟು ಬದಲಿಸಿದರೂ ಲೋಳೆಯಾಗುತ್ತಿತ್ತು. ಬೀಜದ ಕೆಳಭಾಗ ಕಪ್ಪಗಾಗಿ, ಬಗ್ಗಿದರೆ ವಾಸನೆ ಬರುತ್ತಿತ್ತು. ಕಿಟಕಿ ಮುಚ್ಚಿಡಲಾರಂಭಿಸಿದೆ. ಆಗಸ್ಟಿನ ಸಭೆ ಕಣ್ಣ ಮುಂದೆ ಬರುತ್ತಿತ್ತು. ಹಿಂದಿನ ಸಾಲು ಕೂಡ. ಬೀಜವನ್ನು ತಿರುಗಿಸಿ ನಿಲ್ಲಿಸಬಹುದಿತ್ತು. ಆದರೆ ಗೋಡೆಯಾಚೆಗೆ ಕಾಣುವಂತೆ ತಿರುಗಿಸುವುದು ಹೇಗೆ?

ಅದೇ ವಾರ ಕುರುಗೋಡಿನಲ್ಲಿ ತಮ್ಮನ ಮನೆಯ ಗೃಹಪ್ರವೇಶ. ನಾಲ್ಕು ದಿನ ಹೋಗಲೇಬೇಕು. ಬೇರೆ ದಾರಿಯಿಲ್ಲದೆ ಮನೆಯ ಕೀಲಿಕೈಯನ್ನೂ ಎಂಟು ಸೂಚನೆಗಳಿದ್ದ ಒಂದು ಹಾಳೆಯನ್ನೂ ಅವರಿಗೆ ಕೊಟ್ಟೆ. ಮೊದಲನೆಯದು: ನೀರನ್ನು ದಿನಕ್ಕೊಮ್ಮೆ ಬದಲಿಸುವುದು. ಎಂಟನೆಯದು: ಬೀಜವನ್ನು ಯಾವ ಕಾರಣಕ್ಕೂ ಮುಟ್ಟತಕ್ಕದ್ದಲ್ಲ. ಅವರು ಹಾಳೆಯನ್ನು ಪೂರ್ತಿ ಓದಿ, ಮಡಿಸಿ, ರವಿಕೆಯೊಳಗಿಟ್ಟುಕೊಂಡರು.

“ಹೋಗಿ ಬರ್ರಿ. ಪರೀಕ್ಷಾದಾಗ ನಿಂತಂಗ ನಿಂತಿರ್ತೀನಿ.”

ನಾನು ಮರಳಿದಾಗ ಲೋಟ ಕಿಟಕಿಯಲ್ಲೇ ಇತ್ತು, ನೀರು ತಿಳಿಯಾಗಿತ್ತು. ಬೀಜದ ಮೈ ಎರಡು ಹೋಳಾಗಿ ಬಿರಿದಿತ್ತು. ನಡುವಿನಿಂದ ಬಿಳಿಯ ಬೇರೊಂದು ಕಿರುಬೆರಳಿನಷ್ಟು ಉದ್ದ ಇಳಿದಿತ್ತು. ಚೂಪು ತುದಿ ಮೇಲಿತ್ತು.

“ತಾನ ಹೊಳ್ಳಿ ಕುಂತೈತ್ರಿ,” ಎಂದರು ಅವರು ಗೋಡೆಯ ಮೇಲಿನಿಂದ, ನನ್ನ ಕಣ್ಣನ್ನೇ ನೋಡುತ್ತ. “ಜೀವ ಇರೋದು ತಿರುಗ್ತೈತ್ರಿ. ನಾ ಮುಟ್ಟಿಲ್ಲ. ಎಂಟನೇದು ಓದೀನಿ.”

ಮೂವತ್ತೊಂದು ವರ್ಷ ರೇಖಾಗಣಿತ ಕಲಿಸಿದ ನಾನು, ಮೂರು ಹಲ್ಲುಕಡ್ಡಿಗಳ ಮೇಲೆ ನಿಂತ ವಸ್ತುವೊಂದು ತಾನೇ ತಲೆಕೆಳಗಾಗಿ ಮತ್ತೆ ಅದೇ ಮೂರು ಕಡ್ಡಿಗಳ ಮೇಲೆ ಕುಳಿತಿತೆಂಬುದನ್ನು ಕೇಳಿ, “ಹೌದೇನು?” ಎಂದೆ. ಅಷ್ಟೇ ಎಂದೆ. ಅವರು ಒಳಗೆ ಹೋದ ಮೇಲೆ ಲೋಟವನ್ನು ಬೆಳಕಿಗೆ ಹಿಡಿದೆ. ಬೀಜದ ಮೇಲೆ, ನೀರಿಗಿಂತ ತುಸು ಎತ್ತರದಲ್ಲಿ, ಗೆರೆ ಇತ್ತು. ನಾನು ಎಳೆದಿದ್ದಷ್ಟೇ ಎತ್ತರಕ್ಕೆ, ನೂಲಿನಷ್ಟೂ ವ್ಯತ್ಯಾಸವಿಲ್ಲದೆ. ಅದರ ಮೇಲೆ ಹೆಬ್ಬೆರಳು ಆಡಿಸಿದೆ. ಬೆರಳಿಗೆ ನೀಲಿ ಬಣ್ಣ ಹತ್ತಿತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ. ಬೀಜದ ಬಿರುಕಿನಲ್ಲಿ ಗೋಣಿಯ ಒಂದು ನಾರು ಸಿಕ್ಕಿಕೊಂಡಿತ್ತು.

ಮರುದಿನ ಕೇಳಿದೆ: “ನಿಮ್ಮ ಚೀಲದ್ದು ಏನಾತು?”

“ಕೊಳತು ಹೋತ್ರಿ. ಒಗದೆ.” ಆಮೇಲೆ ಒಂದು ಪಿನ್ನನ್ನು ತೆಗೆದು ತುಟಿಗಿಟ್ಟುಕೊಂಡರು.

ಅಲ್ಲಿಯೇ, ಆ ಕ್ಷಣದಲ್ಲಿಯೇ, ನಿಜ ಹೇಳಿಬಿಡಬೇಕಿತ್ತು. ಇತರರ ತಪ್ಪುಗಳನ್ನು ತಾರೀಖು ಸಹಿತ ನೆನಪಿಟ್ಟುಕೊಂಡಿರುವ ನನಗೆ, ನನ್ನದೂ ಒಂದು ಅವುಗಳ ಜೊತೆಯಲ್ಲಿದೆಯೆಂದು ಬರೆದಿಡುವುದು ಕರ್ತವ್ಯ. ನಿಜ ಹೇಳುವ ಬದಲು ಹೊಸ ಕುಂಡ ತಂದೆ. ಆ ಬೀಜವನ್ನು ಕುಂಡಕ್ಕಿಳಿಸಿದೆ. ಕುಂಡದ ತಳದಲ್ಲಿ ತೂತಿರುವುದನ್ನು ಎರಡು ಸಲ ನೋಡಿಕೊಂಡೆ. ಆಗಸ್ಟಿನ ಹೊತ್ತಿಗೆ ಅದು ಒಂದಡಿ ಎತ್ತರವಾಗಿ, ನೀಳ ಎಲೆಗಳನ್ನು ಇಳಿಬಿಟ್ಟುಕೊಂಡು ನಿಂತಿತ್ತು.

ಶಾಲೆಯ ಅಂಗಳದಲ್ಲಿ, ಬೇವಿನ ಮರದ ನೆರಳು ಬೀಳುವ ಜಾಗದಲ್ಲಿ ನೆಟ್ಟೆವು. ಎಲ್ಲರೂ ಸುತ್ತ ನಿಂತಿದ್ದರು. ಆ ಗುರುವಾರ ನಕ್ಕವರಲ್ಲಿ ಮೂವರು ಬಂದಿದ್ದರು. ಮುಖ್ಯೋಪಾಧ್ಯಾಯಿನಿ, “ಬೀಜದಿಂದಲೇ ಬೆಳೆಸಿದ್ರಾ ಮೇಡಂ?” ಎಂದು ಬೆರಗಾದರು. ನಾನು ಕೈಗಂಟಿದ ಮಣ್ಣು ಕೊಡವತೊಡಗಿದೆ. ಅಷ್ಟರಲ್ಲಿ ಹೊಲಿಗೆ ಟೀಚರ್ ಗುಂಪಿನ ನಡುವಿನಿಂದ ಮುಂದೆ ಬಂದು, ಎಲ್ಲರಿಗೂ ಕೇಳುವಂತೆ ಹೇಳಿದರು:

“ಹಿಂದಕ ನಾನೊಂದು ಮಾತು ಅಂದಿದ್ದೆ. ನಿಮಗೆಲ್ಲ ನೆನಪೈತಿ. ಅದನ್ನ ಇವತ್ತು ವಾಪಸ್ ತಗಂತೀನಿ. ಅಕ್ಕಾರ ಕೈಯಾಗ ಗಿಡ ಬದುಕ್ತೈತಿ. ನೋಡ್ರಿ, ಎದುರಿಗೇ ಐತಿ.”

ಚಪ್ಪಾಳೆ ಬಿತ್ತು. ಎಷ್ಟೋ ವರ್ಷಗಳಿಂದ ನಾನು ಕಾದಿದ್ದ ಮಾತು ಅದು. ಬಂದಾಗ ಹೇಗೆ ಸ್ವೀಕರಿಸಬೇಕು, ಎಷ್ಟು ಹೊತ್ತು ಬಿಗಿಯಾಗಿದ್ದು ಆಮೇಲೆ ಕ್ಷಮಿಸಬೇಕು ಎಂಬುದನ್ನೆಲ್ಲ ನಿರ್ಧರಿಸಿಟ್ಟುಕೊಂಡಿದ್ದೆ. ಅದು ಹೀಗೆ ಬಂತು. ಉಪಯೋಗಿಸಲಾಗದ ಕ್ಷಮಾಪಣೆಯನ್ನು ಸಭೆಯಲ್ಲಿ ಕೈಗಿತ್ತು, ಅವರು ಮಾತ್ರ ಕೇಸರಿಬಾತಿನ ಸಾಲಿಗೆ ಹೋಗಿ ನಿಂತರು.

ಅವರ ವಿಚಾರದಲ್ಲಿ ನಾನು ಬರೆಯಬೇಕೆಂದುಕೊಂಡದ್ದು ನಿಜವಾಗಿ ಇದರ ನಂತರದ್ದು. ಮುಂದಿನ ಎರಡು ವರ್ಷ ನಾವು ಜಗಳವಾಡದ ವಾರವಿಲ್ಲ. ಅವರ ನುಗ್ಗೆಮರದ ಎಲೆ ನನ್ನ ಅಂಗಳಕ್ಕೆ ಬೀಳುವುದು, ನಾನು ಗೋಡೆಯ ಮೇಲೆ ಒಣಹಾಕುವ ಸಂಡಿಗೆ, ನನ್ನ ರೇಡಿಯೋ, ಅವರ ಹೊಲಿಗೆ ಯಂತ್ರ. ಬಟರ್ ಫ್ರೂಟ್ ತಂದಾಗಲೆಲ್ಲ ಒಗ್ಗರಣೆಯ ಜಗಳ ಬೇರೆ. ಬಾಯಿಗೆ ಬಂದದ್ದನ್ನು ಅಂದುಬಿಡುವ ಅವರಿಗೆ ಒಂದೇ ವಾಕ್ಯ ಸಾಕಿತ್ತು: ಆ ಗಿಡ ನಂದು. ಅದನ್ನು ಅಂದಿದ್ದರೆ ಯಾವ ಜಗಳವಾದರೂ ಅಲ್ಲಿಗೇ ಮುಗಿಯುತ್ತಿತ್ತು; ಅವರು ಅನ್ನಲಿಲ್ಲ. ಒಮ್ಮೆ ಸಿಟ್ಟಿನ ಭರದಲ್ಲಿ ನಾನೇ, “ಚೀಲದಾಗಿನ ಒಂದು ಬೀಜ ಉಳಿಸಿಕೊಳ್ಳಲಿಕ್ಕಾಗಲಿಲ್ಲ, ನನಗ ಹೇಳ್ತೀರಿ,” ಎಂದುಬಿಟ್ಟೆ. ಅಂದ ಕೂಡಲೇ ಗೋಡೆಯ ಮೇಲಿನ ಸಂಡಿಗೆ ತೆಗೆಯತೊಡಗಿದೆ.

ಅವರು ನನ್ನನ್ನು ಒಂದು ಕ್ಷಣ ನೋಡಿದರು. ಪಿನ್ನು ಎತ್ತಿ ತುಟಿಗಿಟ್ಟರು. ಆಮೇಲೆ ಪಿನ್ನಿನ ಸಂದಿಯಿಂದ, “ಹೌದ್ರಿ, ನಂದು ಕೊಳತು ಹೋತು,” ಎಂದು ಯಂತ್ರದ ಕಡೆಗೆ ಹೊರಟರು. ಅವರ ಎಷ್ಟು ಕುಚೋದ್ಯಗಳನ್ನು ನಾನು ಎಣಿಸಿಟ್ಟಿದ್ದೇನೋ ಅಷ್ಟನ್ನೂ ಆ ಒಂದು ಪಿನ್ನಿನ ಎದುರಿಗಿಟ್ಟು ತೂಗಿ ನೋಡಿದ್ದೇನೆ. ತೂಕ ಯಾವ ಕಡೆಗೆ ಬಿತ್ತೆಂಬುದು ನನ್ನಲ್ಲೇ ಇರಲಿ.

ಕಾರ್ತಿಕದಲ್ಲಿ ಸಿರುಗುಪ್ಪಕ್ಕೆ ಸಂಬಂಧಿಕರ ಮನೆಗೆ ಹೋದವರು ಅಲ್ಲಿಯೇ ತೀರಿಕೊಂಡರು, ನಿದ್ದೆಯಲ್ಲಿ, ಯಾವ ನೋವೂ ಇಲ್ಲದೆ. ನನಗೆ ತಿಳಿದದ್ದು ಎರಡು ದಿನ ಬಿಟ್ಟು. ಪಕ್ಕದ ಮನೆಯವಳಿಗೆ ಹೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಅದನ್ನು ನಾನು ಮರೆತಿಲ್ಲ. ಅದಕ್ಕಿಂತ ಹೆಚ್ಚಾಗಿ, ನನಗೆ ಗೊತ್ತಿತ್ತೆಂದು ಅವರಿಗೆ ಹೇಳದೆ ಉಳಿದದ್ದನ್ನು.

ಹೇಳಲು ಒಂದೇ ದಾರಿ ಉಳಿದಿತ್ತು. ಸಂಕ್ರಾಂತಿಯಾದ ಮೇಲೆ ಒಂದೇ ಒಂದು ಹಣ್ಣು ತಂದೆ. ಒಗ್ಗರಣೆ ಹಾಕಿದೆ. ಬೀಜವನ್ನು ಒಂದು ಹಗಲು ಒಂದು ರಾತ್ರಿ ನೆನೆಸಿ, ಗೋಣಿಯ ಚೀಲವನ್ನು ನಾನೇ ಹೊಲಿದೆ. ಹೊಲಿಗೆ ಸೊಟ್ಟಗಿತ್ತು, ಅವರು ನೋಡಿದ್ದರೆ ಪೂರ್ತಿ ಬಿಚ್ಚಿಸುತ್ತಿದ್ದರು. ಹುಲ್ಲು ಹಾಸಿ, ಬಾಯಿ ಕಟ್ಟಿ, ಕಲ್ಲು ಹೇರಿ, ದಿನಾ ನೀರು ಚಿಮುಕಿಸಿದೆ, ದಿಟ್ಟಿಸಿ ನೋಡಲಿಲ್ಲ. ನಲವತ್ತಾರನೆಯ ದಿನ ಚೀಲ ಬಿಚ್ಚಿದಾಗ ಬೇರು ಹುಲ್ಲನ್ನು ಹಿಡಿದುಕೊಂಡಿತ್ತು. ಈ ಸಲ ಯಾರ ಕೈಯಲ್ಲೂ ಕೀಲಿಕೈ ಇರಲಿಲ್ಲ.

ಮೊದಲ ಮಳೆ ಬಿದ್ದ ಮೇಲೆ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. “ಅದಕ್ಕ ಅರ್ಧ ಟಿಕೇಟು ಕೊಡ್ಲೇನಬೇ ಅಜ್ಜಿ?” ಎಂದ ಕಂಡಕ್ಟರು. ಅವನ ಬ್ಯಾಡ್ಜಿನ ಸಂಖ್ಯೆ ನನ್ನಲ್ಲಿದೆ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ದೇಶನೂರಿಗೆ ಹೋದೆ. ಅವರ ತಂಗಿ ಇರುವುದು ಅಲ್ಲಿನ ತೌರುಮನೆಯಲ್ಲಿ; ಕಾಲುವೆಯ ನೀರು ಹಾಯುವ ಗದ್ದೆಗಳ ಪಕ್ಕ, ತಂಪಾದ ಹಿತ್ತಿಲು. ಅಕ್ಕನದೇ ಮೂಗು, ಅಕ್ಕನದೇ ನಾಲಿಗೆ. ನಾನು ಯಾರೆಂದು ಹೇಳಿ, ಗಿಡ ತಂದಿದ್ದೇನೆಂದಾಗ ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

“ಗಣಿತದಕ್ಕಾರು ನೀವೇ ಏನ್ರಿ? ಸಿಟ್ಟಿಗೇಳಬ್ಯಾಡ್ರಿ ಮತ್ತ. ಸಾಯೋಕಿಂತ ಒಂದು ವಾರ ಮುಂಚೆನೂ ನಮ್ಮಕ್ಕ ಅಂತಿದ್ಲು: ಅಕ್ಕಾರಂಥಾಕಿ ಇನ್ನೊಬ್ಬಾಕಿ ಸಿಗಂಗಿಲ್ಲ, ಆದ್ರ ಅವರ ಕೈಯಾಗ ಗಿಡ ಮಾತ್ರ ಬದುಕಂಗಿಲ್ಲ ಅಂತ.”

ಅಂಗಳದ ಕಟ್ಟೆಯ ಮೇಲೆ ಕುಳಿತೆ. ಅಷ್ಟು ಜನರ ಎದುರಿಗೆ ವಾಪಸ್ಸು ತೆಗೆದುಕೊಂಡ ಮಾತನ್ನು ಆ ಮಹಾತಾಯಿ ಮನಸ್ಸಿನಲ್ಲಿ ಒಂದು ದಿನವೂ ವಾಪಸ್ಸು ತೆಗೆದುಕೊಂಡಿರಲಿಲ್ಲ. ನನಗೆ ವಿಪರೀತ ಸಿಟ್ಟು ಬಂತು. ಸಿಟ್ಟಿನ ಹಿಂದೆಯೇ, ಎಷ್ಟೋ ತಿಂಗಳಿನಿಂದ ಬರದಿದ್ದ ಒಂದು ನೆಮ್ಮದಿಯೂ ಬಂತು. ನನ್ನ ಕೈಯಲ್ಲಿ ಗಿಡ ಬದುಕುವುದಿಲ್ಲವೆಂದು ನಂಬಿಕೊಂಡೇ ಅವರು ತಮ್ಮ ಗಿಡವನ್ನು ನನ್ನ ಲೋಟದಲ್ಲಿ ನಿಲ್ಲಿಸಿದ್ದರು.

“ಗುದ್ದಲಿ ಐತೇನವಾ?” ಎಂದು ಕೇಳಿದೆ.

ಹಿತ್ತಿಲಲ್ಲಿ ನಾನೇ ಗುಂಡಿ ತೋಡಿ ನೆಟ್ಟೆ. ತಂಗಿ ಸಹಾಯಕ್ಕೆ ಬಂದಳು, ಮುಟ್ಟಲು ಬಿಡಲಿಲ್ಲ. ಹೊರಡುವಾಗ ಆಕೆ ಒಳಗಿನಿಂದ ಅಕ್ಕನ ಅಳತೆ ಟೇಪನ್ನು ತಂದು ಕೊಟ್ಟಳು. ಅಲ್ಲಿಯೇ ಬಗ್ಗಿ ಗಿಡವನ್ನು ಅಳೆದೆ. ಬುಡದಿಂದ ತುದಿಗೆ ಹತ್ತೂವರೆ ಇಂಚು. ಟೇಪಿನ ತುದಿಯಲ್ಲಿ ನೀಲಿ ಸುಣ್ಣ ಇನ್ನೂ ಇತ್ತು.

ಶಾಲೆಯ ಗಿಡ ಈಗ ನನ್ನ ಎದೆಮಟ್ಟಕ್ಕಿದೆ. ಹಣ್ಣು ಬಿಡಲು ಇನ್ನೂ ಎಷ್ಟು ವರ್ಷವೋ, ನಮ್ಮ ಬಿಸಿಲಿಗೆ ಬಿಡುವುದೋ ಇಲ್ಲವೋ. ನಾನಂತೂ ತಿನ್ನುವ ಆಸೆ ಇಟ್ಟುಕೊಂಡಿಲ್ಲ. ಅದು ಯಾರ ಗಿಡವೆಂಬುದನ್ನು ಕಳೆದ ತಿಂಗಳು ಮುಖ್ಯೋಪಾಧ್ಯಾಯಿನಿಗೆ ಹೇಳಿದೆ. ಆಕೆ ಬುಡದ ಫಲಕದಿಂದ ನನ್ನ ಹೆಸರು ತೆಗೆಸಿ ಅವರ ಹೆಸರು ಬರೆಸಿದ್ದಾರೆ. ಒಂದಕ್ಷರ ತಪ್ಪಿದೆ, ಸರಿಪಡಿಸುವಂತೆ ಪತ್ರ ಕೊಟ್ಟಿದ್ದೇನೆ.

ದೇಶನೂರಿನದಕ್ಕೆ ಫಲಕವಿಲ್ಲ. ತಂಗಿ ವಾರಕ್ಕೊಮ್ಮೆ ಫೋನು ಮಾಡಬೇಕು, ಗುರುವಾರವೇ ಮಾಡಬೇಕು, ಮಧ್ಯಾಹ್ನದ ಊಟದ ಹೊತ್ತಿಗೇ ಮಾಡಬೇಕು ಎಂದು ಹೇಳಿ ಬಂದಿದ್ದೆ. ಗುರುವಾರವೇ ಏಕೆಂದು ಆಕೆ ಕೇಳಿಲ್ಲ. ಈವರೆಗೆ ಒಂದು ವಾರವೂ ತಪ್ಪಿಲ್ಲ. ಮೊನ್ನೆಯೂ ನಾನು ಊಟಕ್ಕೆ ಕುಳಿತಾಗ ಫೋನು ಬಂತು.

“ಎರಡು ಹೊಸಾ ಎಲಿ ಒಡದಾವ್ರಿ ಅಕ್ಕಾರ.”

“ಬದುಕೈತಿ ಹಂಗಾದ್ರ?”

“ಬದುಕೈತ್ರಿ.”

“ಇನ್ನೊಂದು ಸಲ ಅನ್ರಿ,” ಎಂದೆ. “ಸ್ವಲ್ಪ ಜೋರಾಗಿ.”